ಮಡಕೆಯ ಬಟ್ಟಿ ಅಪರಾಧ, ಕಾರ್ಖಾನೆಯ ಬಟ್ಟಿ ಉದ್ಯಮ!

ಮನ್ಮಾಡ್ ಎಂದೊಡನೆ ನಮ್ಮವರ ನೆನಪಿಗೆ ಬರುವುದು ರೈಲು ಬದಲಾಯಿಸುವ ಜಂಕ್ಷನ್, ಗುಪ್ತಸರ ಗುರುದ್ವಾರ, ಆಹಾರ ನಿಗಮದ ಉಗ್ರಾಣಗಳು ಮತ್ತು ನೀರಿನ ಬರ. ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುವುದರಿಂದ ಕನ್ನಡದ ಮಾತು ಈ ಪ್ಲಾಟ್‌ಫಾರ್ಮಿಗೆ ಹೊಸದಲ್ಲ. ಆದರೆ ಹೆಚ್ಚಿನವರು ಗಮನಿಸದ ಇನ್ನೊಂದು ವಿಶೇಷವೂ ಈ ಊರಿಗೆ ಉಂಟು. ಇಲ್ಲಿಂದ ನಾಸಿಕದ ಕಡೆಗೆ ಹೊರಟರೆ ದ್ರಾಕ್ಷಿ ತೋಟಗಳೂ ವಿಂಚೂರಿನ ವೈನ್ ಪಾರ್ಕೂ ಸಿಗುತ್ತವೆ. ಛತ್ರಪತಿ ಸಂಭಾಜಿನಗರದ ಕಡೆಗೆ ಹೊರಟರೆ ಆ ನಗರದ ಸುತ್ತಲಿನ ದೊಡ್ಡ ದೊಡ್ಡ ಬಿಯರ್ ಕಾರ್ಖಾನೆಗಳು ಸಿಗುತ್ತವೆ. ವಾಯವ್ಯದ ಗುಡ್ಡಗಾಡಿಗೆ, ಸುರಗಾಣೆ ಪೇಠಗಳ ಕಡೆಗೆ ಹೊರಟರೆ ಆದಿವಾಸಿಗಳ ಹಿಪ್ಪೆ ಮರಗಳು ಸಿಗುತ್ತವೆ. ಮೂರು ದಿಕ್ಕಿಗೆ ಮೂರು ಬಗೆಯ ಪಾನೀಯ. ಒಂದಕ್ಕೆ ಸರಕಾರದ ಪ್ರೋತ್ಸಾಹ, ಇನ್ನೊಂದಕ್ಕೆ ಸರಕಾರದ ಲೈಸೆನ್ಸು, ಮತ್ತೊಂದಕ್ಕೆ ಪೊಲೀಸರ ಲಾಠಿ.

ಈಗ ಈ ಮೂರರ ನಡುವೆ ನಾಲ್ಕನೆಯದೊಂದು ಬಂದಿದೆ. ಅದಕ್ಕೆ ‘ಕ್ರಾಫ್ಟ್ ಬಿಯರ್’ ಎಂದು ಹೆಸರು. ಪುಣೆ, ಮುಂಬಯಿ, ಬೆಂಗಳೂರುಗಳ ತರುಣರು ಇದರ ಮಾತನ್ನು ದೊಡ್ಡ ವಿದ್ಯೆಯಂತೆ ಆಡುತ್ತಾರೆ. ಹೊಟೇಲಿನಲ್ಲಿ ದುಡಿಯುವ ನಮ್ಮ ಹುಡುಗರೂ, ಆಫೀಸುಗಳಲ್ಲಿ ಲೆಕ್ಕ ಬರೆಯುವ ನಮ್ಮ ಗುಮಾಸ್ತರೂ ‘ಇದೇನು ಹೊಸತು?’ ಎಂದು ನಮ್ಮನ್ನು ಕೇಳುತ್ತಿದ್ದಾರೆ. ಕುಡಿತವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಪರ್ಮಿಟ್ ರೂಮುಗಳಲ್ಲಿ ಟ್ರೇ ಹಿಡಿದು ನಿಲ್ಲುವವರಲ್ಲಿ ನಮ್ಮವರು ಎಷ್ಟೋ ಮಂದಿ ಇದ್ದಾರೆ. ಅಗ್ಗದ ಸಾರಾಯಿಗೆ ಬಲಿಯಾಗುವವರು ಎಲ್ಲೆಡೆಯೂ ನಮ್ಮಂತಹ ದುಡಿಯುವವರೇ. ಆದುದರಿಂದ ಈ ವಿಷಯವನ್ನು ನಾವು ತಿಳಿದುಕೊಳ್ಳಲೇ ಬೇಕು.

ಹುದುಗುವುದು ಬೇರೆ, ಬಟ್ಟಿ ಇಳಿಸುವುದು ಬೇರೆ

ಹೊಟೇಲಿನವರಿಗೆ ಇದನ್ನು ತಿಳಿಸುವುದು ಸುಲಭ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗುತ್ತದಲ್ಲವೆ? ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಕೆಲಸವದು. ಬಿಯರ್ ಆಗುವುದೂ ಇದೇ ಜಾತಿಯ ಕ್ರಿಯೆಯಿಂದ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಅದರ ಸಿಹಿಯನ್ನು ಇಳಿಸಿಕೊಳ್ಳುತ್ತಾರೆ. ಅದಕ್ಕೆ ಹಾಪ್ಸ್ ಎಂಬ ಕಹಿ ಹೂವನ್ನು ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಕೆಲವು ವಾರ ಇಡುತ್ತಾರೆ. ಇದು ಹುದುಗಿಸುವ ವಿದ್ಯೆ. ದ್ರಾಕ್ಷಿಯಿಂದ ವೈನ್ ಆಗುವುದೂ ಹೀಗೆಯೇ.

ಬಟ್ಟಿ ಇಳಿಸುವುದು ಇದರ ಮುಂದಿನ ಮೆಟ್ಟಿಲು. ಹುದುಗಿದ ರಸವನ್ನು ಕಾಸಿ, ಮೇಲೇಳುವ ಆವಿಯನ್ನು ತಣ್ಣಗೆ ಮಾಡಿ, ಹನಿ ಹನಿಯಾಗಿ ಹಿಡಿಯುವುದೇ ಬಟ್ಟಿ. ಕಡುಬಿನ ಪಾತ್ರೆಯ ಮುಚ್ಚಳದ ಕೆಳಗೆ ನೀರು ಹನಿಗಟ್ಟುವುದನ್ನು ಕಂಡವರಿಗೆ ಇದರ ಮರ್ಮ ತಿಳಿದೇ ಇದೆ. ವಿಸ್ಕಿ, ಬ್ರಾಂಡಿ, ಗೋವೆಯ ಫೆನಿ, ಹಿಪ್ಪೆ ಹೂವಿನ ಸಾರಾಯಿ, ಎಲ್ಲವೂ ಈ ವಿದ್ಯೆಯ ಮಕ್ಕಳು.

ಕ್ರಾಫ್ಟ್ ಬಿಯರ್ ಎಂದರೆ ದೊಡ್ಡ ಕಾರ್ಖಾನೆಯಲ್ಲಿ ಲಕ್ಷಾಂತರ ಬಾಟ್ಲಿ ತುಂಬದೆ, ಚಿಕ್ಕ ಪ್ರಮಾಣದಲ್ಲಿ, ಅನೇಕ ವೇಳೆ ಕುಡಿಯುವ ಸ್ಥಳದಲ್ಲಿಯೇ ತಯಾರಿಸಿದ ಬಿಯರ್. ಪುಣೆಯಲ್ಲಿ 2009ರಲ್ಲಿ ‘ಡೂಲಾಲಿ’ ಎಂಬ ಕಿರು ಬಿಯರ್ ಶಾಲೆ ಆರಂಭವಾಯಿತು. ಹೆಸರು ಬಂದದ್ದು ನಮ್ಮ ನಾಸಿಕ ಜಿಲ್ಲೆಯಿಂದಲೇ. ದೇವಳಾಲಿಯ ದಂಡಿನಲ್ಲಿ ಊರಿಗೆ ಮರಳುವ ಹಡಗಿಗಾಗಿ ತಿಂಗಳುಗಟ್ಟಲೆ ಕಾದು ಬೇಸತ್ತ ಇಂಗ್ಲಿಷ್ ಸಿಪಾಯಿಗಳ ಮರುಳುತನಕ್ಕೆ ಆ ಊರಿನ ಹೆಸರನ್ನೇ ತಿರುಚಿ ‘ಡೂಲಾಲಿ’ ಎಂದರು. ಬೆಂಗಳೂರಿನ ವಿಠ್ಠಲ ಮಲ್ಯ ರಸ್ತೆಯಲ್ಲಿ 2011ರಲ್ಲಿ ‘ಬಿಯರ್ ಕ್ಲಬ್’ ತೆರೆಯಿತು. ಆ ಬಳಿಕ ಬೆಂಗಳೂರು ಇಂತಹ ಶಾಲೆಗಳಿಗೆ ದೇಶದಲ್ಲೆಲ್ಲ ಹೆಸರಾಯಿತು.

ಆದರೆ ಇಲ್ಲಿ ‘ಸಣ್ಣ’ ಎಂಬ ಮಾತಿಗೆ ಮೋಸಹೋಗಬಾರದು. ಪಾತ್ರೆ ಸಣ್ಣದು ನಿಜ; ಬಂಡವಾಳ ಸಣ್ಣದಲ್ಲ. ವಿಶಾಲವಾದ ಜಾಗ, ಉಕ್ಕಿನ ಹಂಡೆಗಳು, ಲೈಸೆನ್ಸಿನ ಶುಲ್ಕ, ಸುಂಕ, ಮುಂಗಡ ಠೇವಣಿ, ಇವೆಲ್ಲವೂ ಸೇರಿದರೆ ಸಾಮಾನ್ಯ ಹೊಟೇಲಿನವನು ಆ ಬಾಗಿಲನ್ನು ತಟ್ಟುವಂತೆಯೇ ಇಲ್ಲ. ಸಣ್ಣ ಉದ್ಯಮಕ್ಕೆ ಸರಕಾರ ಬಾಗಿಲು ತೆರೆದಿದೆ. ಸಣ್ಣ ಮನುಷ್ಯನಿಗೆ ತೆರೆದಿಲ್ಲ.

ನೂರೈವತ್ತು ವರ್ಷದ ಕಥೆ

ಈ ತಾರತಮ್ಯ ಇಂದು ನಿನ್ನೆಯದಲ್ಲ. ಮುಂಬಯಿ ಇಲಾಖೆಯಲ್ಲಿ ಬ್ರಿಟಿಷ್ ಸರಕಾರವು 1878ರಲ್ಲಿ ಅಬಕಾರಿ ಕಾಯಿದೆಯನ್ನು ತಂದಿತು. ಅದಕ್ಕೆ ಮೊದಲು ಹಳ್ಳಿಹಳ್ಳಿಯಲ್ಲಿ ಚಿಕ್ಕ ಬಟ್ಟಿಗಳಿದ್ದುವು. ಅವುಗಳಿಂದ ಸುಂಕ ವಸೂಲು ಮಾಡುವುದು ಕಷ್ಟ. ಆದುದರಿಂದ ಕೆಲವೇ ಕೇಂದ್ರ ಬಟ್ಟಿಗಳಲ್ಲಿ ತಯಾರಿಕೆಯನ್ನು ಒಟ್ಟುಗೂಡಿಸಿ, ಅದರ ಮಾರಾಟವನ್ನು ದೊಡ್ಡ ಗುತ್ತಿಗೆದಾರರಿಗೆ ವಹಿಸಲಾಯಿತು. ಮುಂದೆ 1892ರಲ್ಲಿ ಮೌರಾ ಕಾಯಿದೆ ಬಂತು. ಠಾಣೆ, ಕೊಲಾಬಾ ಜಿಲ್ಲೆಗಳಲ್ಲಿ ಹಿಪ್ಪೆ ಹೂವನ್ನು ಶೇಖರಿಸಿ ಇಟ್ಟುಕೊಳ್ಳುವುದಕ್ಕೇ ಅದು ಕಟ್ಟುಪಾಡು ಹಾಕಿತು. ಕಾಡಿನ ಜನರು ಹಸಿದಾಗ ತಿನ್ನುತ್ತಿದ್ದ ಹೂವು ಅದು! ಹೊಟ್ಟೆಯ ಪಾಲಾಗಬಹುದಾದ ಹೂವಿನ ಮೇಲೆಯೂ ಸರಕಾರದ ಕಣ್ಣು ಬಿದ್ದಿತು. ಆರೋಗ್ಯದ ಚಿಂತೆಗಿಂತ ಬೊಕ್ಕಸದ ಚಿಂತೆಯೇ ಅಲ್ಲಿ ದೊಡ್ಡದಾಗಿತ್ತು.

ಆದಿವಾಸಿಗಳು ಇದಕ್ಕೆ ಕೊಟ್ಟ ಉತ್ತರ ಆಶ್ಚರ್ಯಕರವಾದುದು. 1922ರ ಸುಮಾರಿಗೆ ಕರಾವಳಿಯ ಕಡೆಯಿಂದ ಸುರಗಾಣೆ, ಡಾಂಗ್ ಪ್ರದೇಶಗಳ ಮೂಲಕ ದಕ್ಷಿಣ ಗುಜರಾತಿಗೆ ‘ದೇವಿ’ಯ ಚಳವಳಿ ಹಬ್ಬಿತು. ದೇವಿಯ ಅಪ್ಪಣೆಯೆಂದು ಸಾವಿರಾರು ಜನರು ಕುಡಿತವನ್ನು ಬಿಟ್ಟರು. ಸಾರಾಯಿ ಅಂಗಡಿಯ ಧಣಿಗಳ ಮನೆಯ ಕೂಲಿಗೂ ಹೋಗೆವೆಂದರು. ಕುಡಿತ ಬಿಡಿಸಲು ಲಾಠಿಯೇ ಬೇಕೆಂದು ವಾದಿಸುವವರು ಈ ಇತಿಹಾಸವನ್ನು ಓದುವುದು ಒಳ್ಳೆಯದು.

ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮುಂಬಯಿ ಪಾನನಿರೋಧ ಕಾಯಿದೆ ಬಂತು. ಸುಪ್ರೀಂ ಕೋರ್ಟು 1951ರಲ್ಲಿ, ಬಲ್ಸಾರಾ ಎಂಬವರ ಮೊಕದ್ದಮೆಯಲ್ಲಿ, ಮದ್ಯಾರ್ಕವಿರುವ ಔಷಧಿ ಮುಂತಾದುವುಗಳಿಗೆ ಸಂಬಂಧಿಸಿದ ಕೆಲವು ಅಂಶಗಳನ್ನು ಬಿಟ್ಟು, ಕಾಯಿದೆಯ ಬಹುಭಾಗವನ್ನು ಎತ್ತಿಹಿಡಿಯಿತು. ಸೋಜಿಗವೇನೆಂದರೆ, ಆ ಕಾಯಿದೆ ಇಂದಿಗೂ ರದ್ದಾಗಿಲ್ಲ. ಹೆಸರು ಮಾತ್ರ ಮಹಾರಾಷ್ಟ್ರ ಪಾನನಿರೋಧ ಕಾಯಿದೆ ಎಂದಾಗಿದೆ. ಪಾನನಿರೋಧದ ಕಾಯಿದೆಯ ಅಡಿಯಲ್ಲಿಯೇ ಬಿಯರ್ ಕಾರ್ಖಾನೆಗಳು, ಪರ್ಮಿಟ್ ರೂಮುಗಳು ನಡೆಯುತ್ತವೆ. ಕುಡಿಯುವವನಿಗೆ ‘ಆರೋಗ್ಯ ರಕ್ಷಣೆ’ಯ ಹೆಸರಿನಲ್ಲಿ ಪರವಾನೆ ಸಿಗುತ್ತದೆ! ಅರುವತ್ತರ ದಶಕದಲ್ಲಿ ಪರವಾನೆಯ ಬಿಗಿ ಸಡಿಲವಾಯಿತು. 1973ರಲ್ಲಿ ದೇಶೀ ಮದ್ಯದ ನಿಯಮಗಳು ಬಂದುವು. ಉಡುಪಿ, ಮಂಗಳೂರು ಕಡೆಯಿಂದ ಬಂದು ಚಹಾ ತಿಂಡಿಯ ಹೊಟೇಲು ನಡೆಸುತ್ತಿದ್ದ ನಮ್ಮವರಲ್ಲಿ ಅನೇಕರು ಪರ್ಮಿಟ್ ರೂಮಿನ ವ್ಯಾಪಾರಕ್ಕೆ ತಿರುಗಿದುದು ಇದರ ಬಳಿಕವೇ.

ಮನಸ್ಸಿದ್ದರೆ ಮಾರ್ಗ

‘ಸಣ್ಣ ತಯಾರಕರನ್ನು ಕಾನೂನಿನೊಳಗೆ ತರುವುದು ಅಸಾಧ್ಯ, ಅವರ ಮೇಲೆ ಕಣ್ಣಿಡುವವರು ಯಾರು?’ ಎಂದು ಅಧಿಕಾರಿಗಳು ಕೇಳುವುದುಂಟು. ಇದಕ್ಕೆ ಉತ್ತರ ನಾಸಿಕದಲ್ಲಿಯೇ ಇದೆ. 2001ರಲ್ಲಿ ಮಹಾರಾಷ್ಟ್ರ ಸರಕಾರವು ದ್ರಾಕ್ಷಿ ಸಂಸ್ಕರಣ ಉದ್ಯಮ ನೀತಿಯನ್ನು ಘೋಷಿಸಿತು. ವೈನನ್ನು ರೈತನ ಬೆಳೆಯ ಮುಂದುವರಿದ ರೂಪವೆಂದು ಬಗೆದು ಅಬಕಾರಿ ಸುಂಕದಲ್ಲಿ ವಿನಾಯಿತಿ ಕೊಟ್ಟಿತು. ವಿಂಚೂರಿನಲ್ಲಿಯೂ ಸಾಂಗ್ಲಿ ಜಿಲ್ಲೆಯ ಪಲೂಸಿನಲ್ಲಿಯೂ ವೈನ್ ಪಾರ್ಕುಗಳನ್ನು ಸ್ಥಾಪಿಸಿತು. ದ್ರಾಕ್ಷಿ ಬೆಳೆಗಾರರೇ ಸಣ್ಣ ವೈನ್ ಶಾಲೆಗಳನ್ನು ತೆರೆದರು. 2008ರ ಬಳಿಕ ಮಾರುಕಟ್ಟೆ ಕುಸಿದಾಗ ಅವುಗಳಲ್ಲಿ ಹಲವು ಮುಚ್ಚಿದುದು ನಿಜ. ಆದರೂ 2010ರಲ್ಲಿ ನಾಸಿಕ ಕಣಿವೆಯ ವೈನಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಸರಕಾರ ಬಯಸಿದರೆ ರೈತನು ತಯಾರಕನಾಗಬಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಗೋವೆಯನ್ನು ನೋಡಿರಿ. ಅಲ್ಲಿ ಗೇರುಹಣ್ಣಿನ ಫೆನಿಯನ್ನು ಚಿಕ್ಕ ಚಿಕ್ಕ ಬಟ್ಟಿಗಳಲ್ಲಿ ಲೈಸೆನ್ಸು ಪಡೆದೇ ಇಳಿಸುತ್ತಾರೆ. 2009ರಲ್ಲಿ ಅದಕ್ಕೂ ಭೌಗೋಳಿಕ ಗುರುತು ಸಿಕ್ಕಿತು. 2016ರಲ್ಲಿ ಗೋವಾ ಸರಕಾರ ಅದನ್ನು ಪಾರಂಪರಿಕ ಪಾನೀಯವೆಂದು ಮನ್ನಿಸಿತು. ಮಧ್ಯಪ್ರದೇಶ ಸರಕಾರವೂ ಇತ್ತೀಚಿನ ವರ್ಷಗಳಲ್ಲಿ ಆದಿವಾಸಿಗಳ ಸ್ವಸಹಾಯ ಸಂಘಗಳ ಮೂಲಕ ಹಿಪ್ಪೆಯ ಮದ್ಯವನ್ನು ಕಾನೂನುಬದ್ಧವಾಗಿ ತಯಾರಿಸುವ ದಾರಿ ಹಿಡಿದಿದೆ.

ಅಷ್ಟು ದೂರವೇಕೆ? ನಮ್ಮ ತವರು ಜಿಲ್ಲೆಗಳನ್ನೇ ನೋಡಿರಿ. ಕರ್ನಾಟಕದ ಬೇರೆ ಕಡೆ ಶೇಂದಿ ನಿಷೇಧವಾದಾಗಲೂ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮೂರ್ತೆದಾರರಿಗೆ ಅದನ್ನು ಇಳಿಸಲು ಅವಕಾಶ ಉಳಿಯಿತು. ಅವರ ಸಹಕಾರ ಸಂಘಗಳೂ ನಡೆದು ಬಂದುವು. ಮರ ಹತ್ತುವವನೇ ಸಂಘದ ಸದಸ್ಯ. ಮಾರುವ ಪದಾರ್ಥಕ್ಕೆ ಅವನೇ ಜವಾಬ್ದಾರ. ಇದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಕತ್ತಲಲ್ಲಿ ಕಾಯುವ ಮೃತ್ಯು

ಕಾನೂನಿನ ಬಾಗಿಲು ಮುಚ್ಚಿದರೆ ಬಟ್ಟಿ ನಿಲ್ಲುವುದಿಲ್ಲ, ಕತ್ತಲಿಗೆ ಸರಿಯುತ್ತದೆ. ಕರಿಬೆಲ್ಲ, ನವಸಾಗರ ಸೇರಿಸಿ ಹಳ್ಳದ ಬದಿಯಲ್ಲಿ ಕಾಸುವ ಸಾರಾಯಿಯ ಸುದ್ದಿ ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ. ಅದೂ ಆರೋಗ್ಯಕ್ಕೆ ಕೇಡೇ. ಆದರೆ ಒಮ್ಮೆಲೆ ನೂರಾರು ಹೆಣ ಉರುಳುವುದು ಸಾಮಾನ್ಯವಾಗಿ ಬೇರೆ ಕಾರಣದಿಂದ. ಅಮಲು ಹೆಚ್ಚಿಸಲು, ಖರ್ಚು ಉಳಿಸಲು, ದುಷ್ಟ ವ್ಯಾಪಾರಿಗಳು ಕಾರ್ಖಾನೆಗಳಲ್ಲಿ ಉಪಯೋಗಿಸುವ ಮಿಥೆನಾಲ್ ಎಂಬ ವಿಷವನ್ನು ಬೆರೆಸುತ್ತಾರೆ. ನೋಡಲು ನೀರಿನಂತೆ, ವಾಸನೆಯಲ್ಲಿ ಸಾರಾಯಿಯಂತೆ. ಹೊಟ್ಟೆ ಸೇರಿದ ಮೇಲೆ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣನ್ನೂ ಬಳಿಕ ಪ್ರಾಣವನ್ನೂ ಕಿತ್ತುಕೊಳ್ಳುತ್ತದೆ.

1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಮಂದಿ ಹೀಗೆ ಸತ್ತರು. ಮುಂಬಯಿಯ ವಿಖ್ರೋಳಿಯಲ್ಲಿ 2004ರ ಕೊನೆಯಲ್ಲಿ 80ಕ್ಕೂ ಹೆಚ್ಚು. ಮಾಲವಣಿಯಲ್ಲಿ 2015ರ ಜೂನಿನಲ್ಲಿ ನೂರಕ್ಕೂ ಹೆಚ್ಚು. ಕರ್ನಾಟಕ ಸರಕಾರವು 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು. ಹೆಣ್ಣುಮಕ್ಕಳ ಕಣ್ಣೀರು ಒರೆಸುವ ಉದ್ದೇಶ ಒಳ್ಳೆಯದೇ ಇತ್ತು. ಆದರೆ 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿಗಳ ಸುತ್ತ ನೂರಕ್ಕೂ ಹೆಚ್ಚು ಬಡವರು ಕಳ್ಳಬಟ್ಟಿಗೆ ಬಲಿಯಾದರು. ತಮಿಳುನಾಡಿನ ಕಳ್ಳಕುರಿಚಿಯಲ್ಲಿ 2024ರ ಜೂನಿನಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು. ಈ ಪಟ್ಟಿಗಳಲ್ಲಿ ಸಾಹುಕಾರರ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಕೂಲಿ, ಹಮಾಲಿ, ರಿಕ್ಷಾ ಓಡಿಸುವವರು, ಮನೆಗೆಲಸದವರು, ಇವರೇ.

ಇಲ್ಲಿ ನಮ್ಮ ಹೊಟೇಲು ಬಂಧುಗಳಿಗೆ ಒಂದು ಮಾತು. ಸೀಲಿಲ್ಲದ ಬಾಟ್ಲಿ, ಪ್ಲಾಸ್ಟಿಕ್ ಚೀಲದ ಸಾರಾಯಿ, ಪರಿಚಯದವನೇ ತಂದು ಕೊಟ್ಟರೂ ಮುಟ್ಟಬೇಡಿರಿ. ಕುಡಿದ ಕೂಡಲೇ ಏನೂ ಆಗಲಿಲ್ಲವೆಂದು ನಿಶ್ಚಿಂತರಾಗಬೇಡಿರಿ. ಈ ವಿಷ ಹನ್ನೆರಡು ಗಂಟೆ, ಒಂದು ದಿನ ಕಳೆದ ಮೇಲೂ ತಲೆಯೆತ್ತುತ್ತದೆ. ತಲೆನೋವು, ವಾಂತಿ, ಹೊಟ್ಟೆನೋವು, ಕಣ್ಣು ಮಂಜಾಗುವುದು, ಇವು ಕಂಡರೆ ‘ನಿನ್ನೆಯ ಅಮಲು ಇಳಿದಿಲ್ಲ’ ಎಂದು ಕೋಣೆಯಲ್ಲಿ ಮಲಗಿಸದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಏನು ಕುಡಿದನೆಂಬುದನ್ನು ಡಾಕ್ಟರರಿಗೆ ಮುಚ್ಚಿಡಬೇಡಿರಿ. ಬೇಗ ತಲುಪಿದರೆ ಪ್ರತಿವಿಷ, ಡಯಾಲಿಸಿಸ್ ಮುಂತಾದ ಚಿಕಿತ್ಸೆಯಿಂದ ಉಳಿದವರಿದ್ದಾರೆ. ನಾಚಿಕೆಯಿಂದ ತಡಮಾಡಿದವರು ಉಳಿಯುವುದು ಕಷ್ಟ.

ಸುಂಕ ಏರಿದರೆ ಭಾರ ಯಾರಿಗೆ?

2025ರ ಜೂನಿನಲ್ಲಿ ಮಹಾರಾಷ್ಟ್ರ ಮಂತ್ರಿಮಂಡಲವು ಮದ್ಯದ ಸುಂಕವನ್ನು ಏರಿಸಿತು. ಇಲ್ಲಿ ತಯಾರಾಗುವ ವಿದೇಶೀ ಮದ್ಯಕ್ಕೆ ತಯಾರಿಕೆಯ ವೆಚ್ಚದ ಮೂರು ಪಟ್ಟು ಇದ್ದ ಸುಂಕ ನಾಲ್ಕೂವರೆ ಪಟ್ಟಾಯಿತು. ಅದರ ಜೊತೆಗೆ ‘ಮಹಾರಾಷ್ಟ್ರ ಮೇಡ್ ಲಿಕರ್’ ಎಂಬ ಹೊಸ ವರ್ಗ ಹುಟ್ಟಿತು. ಧಾನ್ಯದಿಂದ ತಯಾರಾಗುವ ಈ ಮದ್ಯವನ್ನು ರಾಜ್ಯದ ತಯಾರಕರಷ್ಟೇ ಮಾಡಬಹುದು. 180 ಮಿಲಿಲೀಟರಿಗೆ ಕನಿಷ್ಠ ಬೆಲೆ ದೇಶೀ ಮದ್ಯಕ್ಕೆ 80 ರೂಪಾಯಿ, ಹೊಸ ವರ್ಗಕ್ಕೆ 148, ವಿದೇಶೀ ಮಾದರಿಗೆ 205, ಉತ್ತಮ ದರ್ಜೆಗೆ 360 ಎಂದು ಗೊತ್ತುಪಡಿಸಲಾಯಿತು. ಸ್ಥಳೀಯ ಕಾರ್ಖಾನೆಗಳಿಗೆ ಕೆಲಸ ಸಿಗಲೆಂಬ ಉದ್ದೇಶ ಸರಿಯೇ. ಆದರೆ ಸುರಗಾಣೆಯ ಹಿಪ್ಪೆ ಹೂವಿನವನಿಗೆ ಈ ಹೊಸ ಬಾಗಿಲಿನಲ್ಲಿ ಪ್ರವೇಶವೆಲ್ಲಿ? ಅವನೂ ಮಹಾರಾಷ್ಟ್ರದವನೇ ಅಲ್ಲವೆ?

ಅಗ್ಗದ ಕಾನೂನುಬದ್ಧ ಮದ್ಯ ತುಟ್ಟಿಯಾದಷ್ಟೂ ಬಡವನ ಕೈ ಕಳ್ಳಬಟ್ಟಿಯ ಕಡೆಗೆ ಚಾಚುತ್ತದೆ ಎಂಬುದು ನಮ್ಮ ಭಯ. ಇನ್ನೊಂದು ಲೆಕ್ಕವನ್ನೂ ಗುಮಾಸ್ತ ಬಂಧುಗಳು ಮಾಡಲಿ. ದಿನಕ್ಕೆ 80 ರೂಪಾಯಿಯಂತೆ ವರ್ಷಕ್ಕೆ 29,200 ರೂಪಾಯಿ. ಊರಿನಲ್ಲಿ ಮಗಳ ಶಾಲೆಗೆ, ತಾಯಿಯ ಔಷಧಿಗೆ ಆ ಹಣ ಸಾಲದೆ? ಸರಕಾರಕ್ಕೆ ಸುಂಕ ಕೊಟ್ಟು ದೇಶಸೇವೆ ಮಾಡುವ ಹಟ ನಮ್ಮವರಿಗೆ ಬೇಡ.

ಸುಂಕ, ತೆರಿಗೆ, ಲೈಸೆನ್ಸು ಶುಲ್ಕಗಳ ಏರಿಕೆಯನ್ನು ವಿರೋಧಿಸಿ ಹೊಟೇಲು ಮಾಲಕರ ಸಂಘವಾದ ‘ಆಹಾರ್’ 2025ರ ಜುಲೈ 14ರಂದು ರಾಜ್ಯದಾದ್ಯಂತ ಬಾರುಗಳ ಬಂದ್ ನಡೆಸಿತು. ಮಾಲಕರ ಅಳಲು ನಮಗೆ ತಿಳಿಯದೆ ಇಲ್ಲ. ನಾವೂ ವರ್ಷಗಟ್ಟಲೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರೇ. ಆದರೆ ಬಾಗಿಲು ಮುಚ್ಚಿದ ದಿನ ಮಾಲಕನ ಲಾಭ ಹೋದರೆ ಸಪ್ಲಾಯರನ ಟಿಪ್ಸ್ ಹೋಗುತ್ತದೆ. ದಿನಗೂಲಿಯವನ ಊಟವೇ ಹೋಗುತ್ತದೆ. ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2017ರ ಏಪ್ರಿಲ್ 1ರಿಂದ ಹೆದ್ದಾರಿಯ 500 ಮೀಟರಿನೊಳಗಿನ ಮದ್ಯದಂಗಡಿಗಳು ಮುಚ್ಚಿದುವು. ನಗರಸಭೆಯ ಗಡಿಯೊಳಗಿನವುಗಳಿಗೆ ಇದು ಅಡ್ಡಿಯಲ್ಲವೆಂದು ಜುಲೈನಲ್ಲಿ ಕೋರ್ಟು ಸ್ಪಷ್ಟಪಡಿಸಿತು. ಅಪಘಾತ ತಪ್ಪಿಸುವ ಉದ್ದೇಶ ಉತ್ತಮವಾದುದೇ. ಆ ನಡುವಿನ ತಿಂಗಳುಗಳಲ್ಲಿ ಕೆಲಸ ಕಳೆದುಕೊಂಡ ಹುಡುಗರ ಸಂಬಳದ ಬಗ್ಗೆ ಮಾತ್ರ ಯಾವ ಆಜ್ಞೆಯೂ ಇರಲಿಲ್ಲ.

ಪರ್ಮಿಟ್ ರೂಮಿನ ನೌಕರರು ‘ನೋಕರನಾಮ’ ಎಂಬ ಕಾಗದವನ್ನು ಮರೆಯಬಾರದು. ಲೈಸೆನ್ಸುದಾರನ ಪರವಾಗಿ ಮದ್ಯ ಮಾರುವವನ ಹೆಸರಿನಲ್ಲಿ ಅಬಕಾರಿ ಇಲಾಖೆಯಿಂದ ಪಡೆಯಬೇಕಾದುದು ಅದು. ನಿಮ್ಮ ಹೆಸರಿನಲ್ಲಿ ಅದು ಇದೆಯೇ, ಇದ್ದರೆ ಯಾವ ಅಂಗಡಿಗೆ, ಯಾವ ತಾರೀಖಿನವರೆಗೆ ಎಂದು ಓದಿ ತಿಳಿಯಿರಿ. ಮಹಾರಾಷ್ಟ್ರದಲ್ಲಿ ಕಡುಮದ್ಯಕ್ಕೆ 25 ವರ್ಷ ತುಂಬಿರಬೇಕು. ಗಿರಾಕಿಯ ವಯಸ್ಸನ್ನು ಕೇಳುವುದು ಸಪ್ಲಾಯರನಿಗೆ ಮುಜುಗರದ ಕೆಲಸ. ಆದರೆ ತಪಾಸಣೆಗೆ ಬಂದವರು ಮೊದಲು ಹಿಡಿಯುವುದು ಎದುರಿಗೆ ನಿಂತವನನ್ನೇ.

ನೀರಿನ ನ್ಯಾಯ

ಮನ್ಮಾಡಿನವರಾದ ನಾವು ನೀರಿನ ಮಾತನ್ನು ಬಿಡುವಂತಿಲ್ಲ. ನಲ್ಲಿಯಲ್ಲಿ ನೀರು ಬರಲು ಎರಡು ಮೂರು ವಾರ ಕಾದ ಬೇಸಗೆಗಳನ್ನು ಕಂಡ ಊರಿದು. 2016ರ ಬರಗಾಲದಲ್ಲಿ ಮರಾಠವಾಡಾದ ಹಳ್ಳಿಗಳು ಟ್ಯಾಂಕರಿಗಾಗಿ ಸಾಲುಗಟ್ಟಿ ನಿಂತಿದ್ದಾಗ ಬಿಯರ್ ಕಾರ್ಖಾನೆಗಳಿಗೆ ನೀರು ಹರಿಯುತ್ತಿತ್ತು. ಮುಂಬಯಿ ಹೈಕೋರ್ಟಿನ ಔರಂಗಾಬಾದ್ ಪೀಠವು ಏಪ್ರಿಲ್‌ನಲ್ಲಿ ಮಧ್ಯೆ ಪ್ರವೇಶಿಸಿ, ಮೇ 10ರಿಂದ ಮದ್ಯದ ಕಾರ್ಖಾನೆಗಳ ನೀರನ್ನು ಶೇಕಡಾ 60ರಷ್ಟು ಕಡಿತ ಮಾಡಿಸಿತು. ಬಿಯರಿನ ಬಹುಭಾಗ ನೀರೇ. ಪಾತ್ರೆ ತೊಳೆಯಲು, ತಣಿಸಲು ಬೇಕಾದುದು ಬೇರೆ. ಸಣ್ಣ ಶಾಲೆಯಾಗಲಿ, ದೊಡ್ಡ ಕಾರ್ಖಾನೆಯಾಗಲಿ, ಮೊದಲು ಜನರ ಕೊಡ, ಬಳಿಕ ಹಂಡೆ. ಇದಕ್ಕೆ ಕೋರ್ಟಿನ ಆಜ್ಞೆಯವರೆಗೆ ಕಾಯಬೇಕಾದುದು ಆಡಳಿತಕ್ಕೆ ಶೋಭೆಯಲ್ಲ.

ನಮ್ಮ ಅಭಿಪ್ರಾಯ

ಪೂರ್ಣ ಪಾನನಿರೋಧವೇ ಮದ್ದೆಂದು ಹೇಳುವ ಹಿರಿಯರಿದ್ದಾರೆ. ಅವರ ಸದುದ್ದೇಶಕ್ಕೆ ನಾವು ತಲೆಬಾಗುತ್ತೇವೆ. ಆದರೆ ಚಂದ್ರಪುರ ಜಿಲ್ಲೆಯಲ್ಲಿ 2015ರಲ್ಲಿ ತಂದ ನಿಷೇಧವನ್ನು ಸರಕಾರವೇ 2021ರಲ್ಲಿ ತೆಗೆಯಬೇಕಾಯಿತು. ಇದಕ್ಕಿಂತ ನಮಗೆ ಮೆಚ್ಚುಗೆಯಾಗುವುದು ಮಹಾರಾಷ್ಟ್ರದ ‘ಆಡವೀ ಬಾಟಲಿ’ಯ ಮತದಾನ. ಊರಿನ ಹೆಣ್ಣುಮಕ್ಕಳು ಒಟ್ಟಾಗಿ ಬೇಡಿದರೆ ಮತದಾನ ನಡೆದು, ಅಡ್ಡಬಿದ್ದ ಬಾಟ್ಲಿಯ ಗುರುತಿಗೆ ಬಹುಮತ ಬಂದರೆ ಅಂಗಡಿಗೆ ಬೀಗ. ಕುಡಿತದ ನೋವನ್ನು ಉಣ್ಣುವವರ ಕೈಯಲ್ಲಿಯೇ ತೀರ್ಪು. ಇದು ಪ್ರಜಾಪ್ರಭುತ್ವದ ಲಕ್ಷಣ.

ಎಲ್ಲಿ ಜನರು ಬೇಡವೆನ್ನುತ್ತಾರೋ ಅಲ್ಲಿ ದೊಡ್ಡದೂ ಬೇಡ, ಸಣ್ಣದೂ ಬೇಡ. ಎಲ್ಲಿ ಮಾರಾಟಕ್ಕೆ ಅವಕಾಶವುಂಟೋ ಅಲ್ಲಿ ಇಬ್ಬರಿಗೂ ಒಂದೇ ಅಳತೆಗೋಲಿರಲಿ. ಬಾಟ್ಲಿಯೊಳಗೆ ಏನಿದೆಯೆಂದು ಪರೀಕ್ಷಿಸಿರಿ. ಮಾಡಿದವನ ತಿಜೋರಿ ಎಷ್ಟು ದೊಡ್ಡದೆಂದು ಅಳೆಯಬೇಡಿರಿ. ಹಿಪ್ಪೆಯ ಸೀಮೆಯಲ್ಲಿ ಸಹಕಾರ ಸಂಘಗಳಿಗೆ, ಕೈಗೆಟುಕುವ ಶುಲ್ಕಕ್ಕೆ, ಲೈಸೆನ್ಸು ಕೊಡಿರಿ. ತಾಲೂಕಿಗೊಂದು ಪರೀಕ್ಷಾ ಕೇಂದ್ರವಿರಲಿ. ಮಿಥೆನಾಲಿನ ಸಾಗಾಟಕ್ಕೆ ಹನಿಹನಿಯ ಲೆಕ್ಕವಿರಲಿ. ಸರಕಾರದ ನೀತಿ ಬದಲಾಗಿ ಅಂಗಡಿ ಮುಚ್ಚಿದರೆ, ಅಲ್ಲಿ ದುಡಿದವರ ಸಂಬಳಕ್ಕೆ ಅಬಕಾರಿ ಆದಾಯದಿಂದ ಒಂದಂಶ ಮೀಸಲಾಗಲಿ.

ಪುಣೆಯ ಕನ್ನಡಿ ಗೋಡೆಯ ಹಿಂದೆ ಹೊಳೆಯುವ ಉಕ್ಕಿನ ಹಂಡೆಯನ್ನು ಕಲೆಯೆಂದು ಕೊಂಡಾಡುವ ಸರಕಾರಕ್ಕೆ, ಗುಡ್ಡದ ಬದಿಯ ಮಣ್ಣಿನ ಮಡಕೆಯೂ ಮನುಷ್ಯನದೇ ಎಂಬುದು ತೋರಬೇಕು. ಮಡಕೆಯನ್ನು ಒಡೆಯುವುದು ಸುಲಭ, ಅದಕ್ಕೆ ಒಂದು ಲಾಠಿ ಸಾಕು. ಅದನ್ನು ಬೆಳಕಿಗೆ ತಂದು, ಒಳಗಿರುವುದನ್ನು ಪರೀಕ್ಷಿಸಿ, ಬಡವನ ಪ್ರಾಣ ಉಳಿಸುವುದಕ್ಕೆ ಆಡಳಿತ ಬೇಕು. ಆ ಆಡಳಿತವನ್ನೇ ನಾವು ಸರಕಾರದಿಂದ ಕೇಳುತ್ತಿದ್ದೇವೆ.